ಗಣಕಯಂತ್ರಗಳ ಟಪಾಲು ಮತ್ತು ಅದರ ಕಾವಲು

ಮನುಷ್ಯನು ಸಮಾಜಜೀವಿಯಾದಂದಿನಿಂದ ಸಂದೇಶವೂ ಅವನ ಜೊತೆಯಲ್ಲಿಯೇ ಸಾಗಿ ಬಂದಿದೆ. ಓಲೆಕಾರ, ಟಪಾಲು, ತಂತಿ, ದೂರವಾಣಿ ಇವೆಲ್ಲವೂ ಒಂದೇ ಅಗತ್ಯದ ಬೇರೆ ಬೇರೆ ರೂಪಗಳು. ಸಂದೇಶ ಕಳುಹಿಸಿದವನಿಗೆ ಎಲ್ಲ ಕಾಲದಲ್ಲಿಯೂ ಮೂರೇ ಚಿಂತೆ: ಅದು ದಾರಿಯಲ್ಲಿ ಕಳೆಯಬಾರದು, ಹೊತ್ತು ಮೀರಿ ತಲುಪಬಾರದು, ಅನ್ಯರ ಕೈ ಸೇರಬಾರದು. ಭಾರತದ ತಂತಿ ಸೇವೆಯು 2013ರ ಜುಲೈ ತಿಂಗಳಲ್ಲಿ ಕೊನೆಗೊಂಡಿತು. ಆದರೆ ತಂತಿಯ ಕಾಲದ ಆ ಮೂರು ಚಿಂತೆಗಳು ಕೊನೆಗೊಳ್ಳಲಿಲ್ಲ. ಅವು ಗಣಕಯಂತ್ರಗಳ ಒಳಗೆ ಸೇರಿಕೊಂಡವು.

ಇಂದು ದುಂಡಸಿಯಂಥ ಊರಿನಲ್ಲಿಯೂ ಪಡಿತರದ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದಾಗ, ಮೊಬೈಲಿನಿಂದ ವಿದ್ಯುತ್ ಬಿಲ್ಲು ಕಟ್ಟಿದಾಗ, ಮಾಸಾಶನದ ಹಣ ಬ್ಯಾಂಕಿನ ಖಾತೆಗೆ ಜಮೆಯಾದಾಗ ದೂರದ ನಗರಗಳಲ್ಲಿರುವ ಅನೇಕ ಯಂತ್ರಗಳ ನಡುವೆ ಸಂದೇಶಗಳು ಓಡಾಡುತ್ತವೆ. ಎಲ್ಲವೂ ಸರಿಯಿದ್ದಾಗ ಅವುಗಳ ಇರುವಿಕೆಯೇ ಯಾರಿಗೂ ತಿಳಿಯುವುದಿಲ್ಲ. ತಪ್ಪಿದಾಗ ಮಾತ್ರ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಕೇಳಿಬರುತ್ತದೆ. ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರಿಗೆ ಆ ಮಾತಿನ ಬೆಲೆ ಒಂದು ದಿನದ ದುಡಿಮೆ. ಈ ಅಡಚಣೆಗೆ ಕಾರಣಗಳು ಹಲವು: ವಿದ್ಯುತ್ತು ಹೋಗಿರಬಹುದು, ಮೊಬೈಲ್ ಜಾಲ ದುರ್ಬಲವಾಗಿರಬಹುದು, ಯಂತ್ರವೇ ಕೆಟ್ಟಿರಬಹುದು. ಇವುಗಳ ಜೊತೆಗೆ ಹೊರಗಿನವರ ಕಣ್ಣಿಗೆ ಎಂದೂ ಬೀಳದ ಇನ್ನೊಂದು ಸ್ಥಳವಿದೆ. ಅದು ದೊಡ್ಡ ವ್ಯವಸ್ಥೆಗಳ ಒಡಲಲ್ಲಿ ಸಂದೇಶಗಳನ್ನು ಪಡೆದು, ಇರಿಸಿಕೊಂಡು, ಸೇರಬೇಕಾದಲ್ಲಿಗೆ ಸೇರಿಸುವ ಮಧ್ಯವರ್ತಿ ತಂತ್ರಾಂಶ. ಗಣಕ ವೃತ್ತಿಯವರು ಇದನ್ನು ಮೆಸೇಜ್ ಬ್ರೋಕರ್ ಎನ್ನುತ್ತಾರೆ. ಇದರ ಕಾರ್ಯವೇನು, ಹಲವು ಯಂತ್ರಸಮೂಹಗಳಲ್ಲಿ ಹರಡಿಕೊಂಡ ಇಂಥ ಮಧ್ಯವರ್ತಿಗಳನ್ನು ಕಾಯುವ ಬಗೆ ಹೇಗೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮಧ್ಯವರ್ತಿಯ ಅವಶ್ಯಕತೆ

ಬ್ರೋಕರ್ ಎಂಬ ಪದಕ್ಕೆ ಈ ಭಾಗದಲ್ಲಿ ದಲಾಲ ಎಂಬ ಮಾತು ಬಳಕೆಯಲ್ಲಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತನು ಚೀಲಗಳನ್ನು ತಂದು ದಲಾಲಿ ಅಂಗಡಿಯಲ್ಲಿ ಇಳಿಸುತ್ತಾನೆ. ಅವುಗಳಿಗೆ ಲಾಟಿನ ಅಂಕಿ ಬೀಳುತ್ತದೆ. ಕೊಳ್ಳುವವರು ಬಂದು ಮಾಲನ್ನು ನೋಡಿ ಟೆಂಡರು ಹಾಕುತ್ತಾರೆ. ರೈತನು ಬಂದ ಗಳಿಗೆಯಲ್ಲಿಯೇ ಕೊಳ್ಳುವವನೂ ಎದುರಿಗೆ ನಿಂತಿರಬೇಕೆಂಬ ನಿಯಮವಿಲ್ಲ. ಒಬ್ಬರನ್ನೊಬ್ಬರು ಅರಿತಿರಬೇಕೆಂಬ ಅಗತ್ಯವೂ ಇಲ್ಲ. ಮಾಲು ಬರುವ ವೇಗ ಬೇರೆ, ಮಾರಾಟವಾಗುವ ವೇಗ ಬೇರೆ. ಇವೆರಡರ ನಡುವಿನ ಅಂತರವನ್ನು ತಾಳಿಕೊಳ್ಳುವುದೇ ದಲಾಲಿ ಅಂಗಡಿಯ ಹಿರಿಮೆ.

ಗಣಕಲೋಕದ ಮಧ್ಯವರ್ತಿಯೂ ಇದೇ ಕೆಲಸವನ್ನು ಮಾಡುತ್ತದೆ. ಒಂದು ತಂತ್ರಾಂಶವು ಇನ್ನೊಂದಕ್ಕೆ ನೇರವಾಗಿ ಸಂದೇಶ ಕೊಡುವುದಾದರೆ, ಪಡೆಯುವ ಯಂತ್ರವು ಆ ಕ್ಷಣದಲ್ಲಿ ಎಚ್ಚರವಾಗಿರಬೇಕು, ಬಿಡುವಾಗಿರಬೇಕು. ಹಾಗಿಲ್ಲದಿದ್ದರೆ ಕೊಡುವ ಯಂತ್ರವೂ ಕಾಯುತ್ತ ನಿಲ್ಲಬೇಕಾಗುತ್ತದೆ; ಒಂದರ ಜಡತೆ ಸಾಲುಸಾಲಾಗಿ ಎಲ್ಲಕ್ಕೂ ಹರಡುತ್ತದೆ. ನಡುವೆ ಮಧ್ಯವರ್ತಿಯಿದ್ದರೆ ಕಳುಹಿಸುವವನು ಸಂದೇಶವನ್ನು ಅದರ ವಶಕ್ಕೆ ಕೊಟ್ಟು, ಮುಟ್ಟಿದ ಬಗ್ಗೆ ಉತ್ತರ ಪಡೆದು ತನ್ನ ಮುಂದಿನ ಕೆಲಸಕ್ಕೆ ತೊಡಗಬಹುದು.

ಇಂಥ ಮಧ್ಯವರ್ತಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸರತಿಯ ಸಾಲು. ಪಡೆದವನು “ಮುಟ್ಟಿತು, ಕೆಲಸ ಮುಗಿಯಿತು” ಎಂದು ತಿಳಿಸಿದೊಡನೆ ಆ ಸಂದೇಶವು ಸಾಲಿನಿಂದ ತೆಗೆಯಲ್ಪಡುತ್ತದೆ. ಎರಡನೆಯದು ಅಂಗಡಿಯ ಕಿರ್ದಿಪುಸ್ತಕದಂತೆ. ಪ್ರತಿಯೊಂದು ಸಂದೇಶವೂ ಕೊನೆಯ ಸಾಲಿನ ಕೆಳಗೆ ಬರೆಯಲ್ಪಡುತ್ತದೆ, ಬರೆದುದನ್ನು ತಿದ್ದುವಂತಿಲ್ಲ. ಓದುವವರು ಹಲವರಿದ್ದು, ಪ್ರತಿಯೊಬ್ಬನೂ ತಾನು ಎಲ್ಲಿಯವರೆಗೆ ಓದಿದೆನೆಂಬ ಗುರುತನ್ನು ಇಟ್ಟುಕೊಳ್ಳುತ್ತಾನೆ. ಕಿರ್ದಿಯ ಕೊನೆಯ ಸಾಲಿಗೂ ಓದುವವನ ಗುರುತಿಗೂ ನಡುವೆ ಇರುವ ಅಂತರವನ್ನು ‘ಹಿಂಬಾಕಿ’ ಎಂದು ಕರೆಯಬಹುದು. ಮುಂದೆ ಕಾವಲಿನ ವಿಚಾರ ಬಂದಾಗ ಈ ಹಿಂಬಾಕಿಯೇ ಪ್ರಧಾನವಾಗುತ್ತದೆ.

ಹಿನ್ನೆಲೆ

ಈ ಕಲ್ಪನೆಯು ಹೊಸದಲ್ಲ. ಮುಂಬಯಿಯಲ್ಲಿ ಹುಟ್ಟಿ ಅಮೆರಿಕೆಗೆ ಹೋದ ವಿವೇಕ ರಣದಿವೆಯವರು 1980ರ ದಶಕದಲ್ಲಿ ಷೇರುಪೇಟೆಯ ಬೆಲೆಗಳನ್ನು ಅನೇಕರಿಗೆ ಏಕಕಾಲದಲ್ಲಿ ಹಂಚುವ ‘ಇನ್‌ಫರ್ಮೇಶನ್ ಬಸ್’ ಎಂಬ ತಂತ್ರಾಂಶವನ್ನು ರೂಪಿಸಿದರು. 1993ರಲ್ಲಿ ಐಬಿಎಂ ಸಂಸ್ಥೆಯ ಎಂಕ್ಯೂಸೀರೀಸ್ ಬಂದಿತು. ಬ್ಯಾಂಕುಗಳಲ್ಲಿ ಅದು ದೀರ್ಘಕಾಲ ನೆಲೆಸಿತು. ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಒಂದೇ ನಿಯಮದಂತೆ ಸಂದೇಶ ಕೊಟ್ಟುಕೊಳ್ಳುವಂತಾಗಬೇಕೆಂದು 2003ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕಿನ ಜಾನ್ ಓ’ಹಾರಾ ಎಂಬವರು ಎಎಂಕ್ಯೂಪಿ ಎಂಬ ಕಟ್ಟಳೆಗೆ ಅಡಿಪಾಯ ಹಾಕಿದರು. ಆ ಕಟ್ಟಳೆಯಂತೆ 2007ರಲ್ಲಿ ಹೊರಬಂದ ರ್ಯಾಬಿಟ್‌ಎಂಕ್ಯೂ ಇಂದಿಗೂ ಬಳಕೆಯಲ್ಲಿದೆ. ಮೇಲೆ ಹೇಳಿದ ಸರತಿಯ ಸಾಲಿಗೆ ಇದು ಉದಾಹರಣೆ.

ಕಿರ್ದಿಯ ಬಗೆಗೆ ಉದಾಹರಣೆ ಕಾಫ್ಕಾ. ಲಿಂಕ್ಡ್‌ಇನ್ ಸಂಸ್ಥೆಯಲ್ಲಿದ್ದ ಜೇ ಕ್ರೆಪ್ಸ್, ಜುನ್ ರಾವ್ ಹಾಗೂ ಪುಣೆಯ ನೇಹಾ ನಾರಖೇಡೆ ಇವರು ಅದನ್ನು ನಿರ್ಮಿಸಿದರು. 2011ರಲ್ಲಿ ಅದು ಎಲ್ಲರ ಬಳಕೆಗೆ ಮುಕ್ತವಾಯಿತು. ಇದಕ್ಕೆ ಹೆಸರನ್ನು ಕೊಟ್ಟುದು ಸಾಹಿತಿ ಫ್ರಾಂಜ್ ಕಾಫ್ಕಾರ ನೆನಪಿನಲ್ಲಿ ಎಂಬುದು ಸಾಹಿತ್ಯಾಸಕ್ತರಿಗೆ ಕುತೂಹಲಕರವಾದ ಸಂಗತಿ.

ಆಧಾರ್ ಯೋಜನೆಯ ನಿದರ್ಶನ

ಸಂದೇಶ ಮಧ್ಯವರ್ತಿಯ ಕೆಲಸವು ಪ್ರತಿಯೊಂದು ಮನೆಯನ್ನೂ ಮುಟ್ಟಿದ ನಿದರ್ಶನವೊಂದು ಕರ್ನಾಟಕದಲ್ಲಿಯೇ ಇದೆ. ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು 2009ರ ಜನವರಿ 28ರಂದು ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರಾದ ನಂದನ್ ನಿಲೇಕಣಿಯವರು ಬಾಲ್ಯದ ಕೆಲವು ವರ್ಷಗಳನ್ನು ಧಾರವಾಡದಲ್ಲಿ ಓದುತ್ತ ಕಳೆದವರು. 1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ದುಂಡಸಿಯೂ ಅದೇ ಧಾರವಾಡ ಜಿಲ್ಲೆಗೆ ಸೇರಿತ್ತು. ಪ್ರಾಧಿಕಾರದ ತಾಂತ್ರಿಕ ಕೇಂದ್ರವು ಬೆಂಗಳೂರಿನಲ್ಲಿ ನೆಲೆಗೊಂಡಿತು. ದತ್ತಾಂಶ ಕೇಂದ್ರಗಳು ಬೆಂಗಳೂರು ಹಾಗೂ ಹರಿಯಾಣದ ಮಾನೇಸರ್ ಎಂಬೆರಡು ಸ್ಥಳಗಳಲ್ಲಿ ಆದವು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ ಮೊದಲ ಸಂಖ್ಯೆಗಳನ್ನು ವಿತರಿಸಲಾಯಿತು. 2016ರ ಏಪ್ರಿಲ್ ವೇಳೆಗೆ 100 ಕೋಟಿ ಜನರಿಗೆ ಸಂಖ್ಯೆ ದೊರಕಿತ್ತು.

ನೋಂದಣಿ ಕೇಂದ್ರದಲ್ಲಿ ಒಬ್ಬ ವ್ಯಕ್ತಿಯ ವಿವರ, ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಇವೆಲ್ಲವನ್ನೂ ಗೂಢಲಿಪಿಯಲ್ಲಿ ಮುಚ್ಚಿ ಒಂದು ಪೊಟ್ಟಣ ಮಾಡಲಾಗುತ್ತಿತ್ತು. ಆ ಪೊಟ್ಟಣವು ದತ್ತಾಂಶ ಕೇಂದ್ರವನ್ನು ಸೇರಿದ ಮೇಲೆ ಅನೇಕ ಹಂತಗಳನ್ನು ದಾಟಬೇಕಿತ್ತು: ಮುದ್ರೆ ಸರಿಯಿದೆಯೇ ಎಂಬ ಪರೀಕ್ಷೆ, ವಿವರಗಳ ಹೊಂದಾಣಿಕೆ, ಗುಣಮಟ್ಟದ ತಪಾಸಣೆ, ಇದೇ ವ್ಯಕ್ತಿಗೆ ಹಿಂದೆಯೇ ಸಂಖ್ಯೆ ಕೊಡಲಾಗಿದೆಯೇ ಎಂಬ ಬೆರಳಚ್ಚಿನ ಹೋಲಿಕೆ, ಸಂಖ್ಯೆಯ ನಿರ್ಮಾಣ, ಕೊನೆಗೆ ಪತ್ರದ ಮುದ್ರಣ. ಒಂದೊಂದು ಹಂತದ ವೇಗವೂ ಬೇರೆ. ಬೆರಳಚ್ಚಿನ ಹೋಲಿಕೆಗೆ ಅಗಾಧವಾದ ಗಣನೆ ಬೇಕು. ವಿವರಗಳ ಪರೀಕ್ಷೆಗೆ ಕ್ಷಣಮಾತ್ರ ಸಾಕು. ಆದ್ದರಿಂದ ಇಡೀ ಕೆಲಸವನ್ನು ಹಂತಗಳಾಗಿ ಒಡೆದು, ಹಂತ ಹಂತದ ನಡುವೆ ಸರತಿಯ ಸಾಲುಗಳನ್ನು ಇಡಲಾಯಿತು. ಸಾಲುಗಳನ್ನು ನಡೆಸುವ ಮಧ್ಯವರ್ತಿಯಾಗಿ ರ್ಯಾಬಿಟ್‌ಎಂಕ್ಯೂ ನೇಮಕವಾಯಿತು. ಒಂದು ದಿನಕ್ಕೆ 10 ಲಕ್ಷಕ್ಕೂ ಮಿಕ್ಕಿ ಪೊಟ್ಟಣಗಳು ಹೀಗೆ ಸಾಗಿದ ಕಾಲವುಂಟು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನೋಂದಣಿಯಾದವರಿಗೆ ಒಂದು ರಸೀತಿ ದೊರೆಯುತ್ತಿತ್ತು. ಅದರ ಮೇಲಿನ 28 ಅಂಕಿಗಳಲ್ಲಿ ಮೊದಲ 14 ನೋಂದಣಿ ಸಂಖ್ಯೆ. ಉಳಿದ 14 ದಿನಾಂಕ ಮತ್ತು ವೇಳೆ. ನೋಂದಣಿ ಸಂಖ್ಯೆಯಲ್ಲಿ ಸಂಸ್ಥೆಯ ಗುರುತು, ಯಂತ್ರದ ಗುರುತು ಹಾಗೂ ಆ ಯಂತ್ರದ ಕ್ರಮಾಂಕ ಅಡಗಿದ್ದವು. ಕ್ರಮಾಂಕವಿದ್ದಲ್ಲಿ ಲೋಪವು ಬಚ್ಚಿಟ್ಟುಕೊಳ್ಳಲಾರದು. 41 ಮತ್ತು 43 ತಲುಪಿ 42 ತಲುಪದಿದ್ದರೆ, 42 ಎಲ್ಲಿಯೋ ಉಳಿದಿದೆ ಎಂದು ಯಾರಾದರೂ ಹೇಳಬಲ್ಲರು. ಒಂದು ಪೊಟ್ಟಣ ಕಾಣೆಯಾದರೆ ಯಂತ್ರಕ್ಕೆ ಅದು ಲಕ್ಷಾಂತರಗಳಲ್ಲಿ ಒಂದು; ಆದರೆ ಆ ವ್ಯಕ್ತಿಗೆ ಅದೇ ಸರ್ವಸ್ವ. ಅವನು ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಬೇಕು, ಅಲ್ಲಿಯವರೆಗೆ ಸವಲತ್ತಿಗೆ ಕಾಯಬೇಕು. ಮೇಲ್ವಿಚಾರಣೆಯ ಮಹತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಒಂದು ಯಂತ್ರವಲ್ಲ, ಸಮೂಹ

ಇಷ್ಟು ಹೊಣೆಯನ್ನು ಒಂದೇ ಯಂತ್ರದ ಮೇಲೆ ಹೊರಿಸುವುದು ಜಾಣತನವಲ್ಲ. ಆದ್ದರಿಂದ ಹಲವು ಸರ್ವರ್‌ಗಳು ಕೂಡಿ ಒಂದೇ ಮಧ್ಯವರ್ತಿಯಂತೆ ವರ್ತಿಸುವ ಏರ್ಪಾಡು ಇರುತ್ತದೆ. ಇದನ್ನು ಕ್ಲಸ್ಟರ್ ಎನ್ನುವರು. ಶಾಲಾ ಆಡಳಿತದಲ್ಲಿ ಕೆಲವು ಶಾಲೆಗಳನ್ನು ಕೂಡಿಸಿ ಕ್ಲಸ್ಟರ್ ಎಂದು ಕರೆಯುವ ರೂಢಿ ಶಿಕ್ಷಕರಿಗೆ ವಿದಿತವೇ ಇದೆ. ಕಾಫ್ಕಾದಂಥ ವ್ಯವಸ್ಥೆಯಲ್ಲಿ ಕಿರ್ದಿಯನ್ನು ಹಲವು ಭಾಗಗಳಾಗಿ ಮಾಡಿ ಬೇರೆ ಬೇರೆ ಯಂತ್ರಗಳಿಗೆ ಹಂಚಲಾಗುತ್ತದೆ. ಪ್ರತಿಯೊಂದು ಭಾಗಕ್ಕೂ ಸಾಮಾನ್ಯವಾಗಿ ಮೂರು ಪ್ರತಿಗಳಿರುತ್ತವೆ. ಒಂದು ಪ್ರತಿಯನ್ನು ಇಟ್ಟುಕೊಂಡ ಯಂತ್ರ ಮುಖಂಡ, ಉಳಿದೆರಡು ಅನುಯಾಯಿಗಳು. ಮುಖಂಡ ಬಿದ್ದರೆ ಅನುಯಾಯಿಗಳಲ್ಲಿ ಒಂದು ಆ ಸ್ಥಾನಕ್ಕೆ ಏರುತ್ತದೆ.

ಮುಖಂಡನ ಆಯ್ಕೆಯಲ್ಲಿ ಒಂದು ಅಪಾಯವುಂಟು. ಜಾಲ ತುಂಡಾಗಿ ಯಂತ್ರಗಳು ಎರಡು ಗುಂಪಾದರೆ, ಎರಡೂ ಗುಂಪುಗಳು ತಮ್ಮ ತಮ್ಮ ಮುಖಂಡನನ್ನು ನೇಮಿಸಿಕೊಂಡು ಎರಡು ಕಿರ್ದಿಗಳನ್ನು ಬರೆಯತೊಡಗಬಹುದು. ಇದನ್ನು ತಪ್ಪಿಸಲು ಬಹುಮತದ ನಿಯಮವನ್ನು ಇಟ್ಟಿರುತ್ತಾರೆ. ನಿರ್ಣಯ ಮಾಡುವ ಯಂತ್ರಗಳು ಐದಿದ್ದರೆ ಮೂರರ ಒಪ್ಪಿಗೆ ಬೇಕು. ಐದು ಯಂತ್ರಗಳು ಹೇಗೆ ಒಡೆದರೂ ಎರಡು ಗುಂಪುಗಳಲ್ಲಿ ತಲಾ ಮೂರು ಇರಲಾರವು. ಪಂಚರ ಸಂಖ್ಯೆ ಬೆಸವಾಗಿರುವುದರ ಲಾಭವೂ ಇದೇ.

ಮತ್ತೆ ಒಂದೇ ಸಮೂಹ ಸಾಲದಾಗುತ್ತದೆ. ಒಂದು ನಗರದ ಕೇಂದ್ರಕ್ಕೆ ಪ್ರವಾಹವೋ ಬೆಂಕಿಯೋ ವಿದ್ಯುತ್ ವ್ಯತ್ಯಯವೋ ಬಂದರೆ ಇನ್ನೊಂದು ನಗರದಲ್ಲಿ ಕೆಲಸ ಸಾಗಬೇಕು. ಹಣಕಾಸಿನ ಸಂದೇಶಗಳನ್ನೂ ಸಾಮಾನ್ಯ ಸಂದೇಶಗಳನ್ನೂ ಬೆರೆಸದೆ ಬೇರೆ ಬೇರೆ ಸಮೂಹಗಳಲ್ಲಿ ಇಡುವುದೂ ಉಂಟು. ಹೀಗೆ ಸಮೂಹಗಳ ಸಂಖ್ಯೆ ಬೆಳೆಯುತ್ತದೆ. ಒಂದು ಸಮೂಹದ ಕಿರ್ದಿಯನ್ನು ಇನ್ನೊಂದಕ್ಕೆ ನಕಲು ಮಾಡುವ ತಂತ್ರಾಂಶಗಳೂ ಸೇರುತ್ತವೆ. ಲಿಂಕ್ಡ್‌ಇನ್ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಲ್ಲಿ 100ಕ್ಕೂ ಹೆಚ್ಚು ಸಮೂಹಗಳು, 4,000ಕ್ಕೂ ಹೆಚ್ಚು ಮಧ್ಯವರ್ತಿ ಯಂತ್ರಗಳು ಇದ್ದು, ದಿನವೊಂದಕ್ಕೆ ಸಾಗುವ ಸಂದೇಶಗಳು 7 ಲಕ್ಷ ಕೋಟಿಯನ್ನು ದಾಟಿದ್ದವು. ಇಂಥ ಗಾತ್ರದ ಕಾರ್ಯವನ್ನು ಒಬ್ಬ ಮನುಷ್ಯನು ಕಣ್ಣಿನಿಂದ ನೋಡಿ ಕಾಯುವುದು ಅಸಾಧ್ಯ. ಯಂತ್ರಗಳನ್ನು ಕಾಯಲು ಯಂತ್ರಗಳನ್ನೇ ನೇಮಿಸಬೇಕಾಗುತ್ತದೆ.

ಕಾಯಬೇಕಾದುದು ಏನನ್ನು?

ಮೊದಲನೆಯದಾಗಿ, ಪ್ರತಿಯೊಂದು ಯಂತ್ರವೂ ಬದುಕಿದೆಯೇ ಎಂಬುದು. ಇದು ಅತ್ಯಂತ ಸರಳವಾದ ಪ್ರಶ್ನೆ. ಆದರೆ ಇದೊಂದರಿಂದಲೇ ತೃಪ್ತರಾಗುವವರು ಮೋಸಹೋಗುತ್ತಾರೆ. ಯಂತ್ರವು ಬದುಕಿದ್ದೂ ಕೆಲಸ ಮಾಡದಿರಬಹುದು.

ಎರಡನೆಯದಾಗಿ, ಪ್ರತಿಗಳ ಪೂರ್ಣತೆ. ಮೂರು ಪ್ರತಿಗಳಿರಬೇಕಾದಲ್ಲಿ ಎರಡೇ ಇದ್ದರೆ ಬಳಸುವವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ವ್ಯವಸ್ಥೆ ಎಂದಿನಂತೆ ನಡೆಯುತ್ತಿರುತ್ತದೆ. ಆದರೆ ಅದರ ಆಸರೆ ಒಂದು ಕಳಚಿದೆ. ತೊಲೆಗೆ ಗೆದ್ದಲು ಹಿಡಿದಾಗ ಮನೆ ಅಂದೇ ಬೀಳುವುದಿಲ್ಲ. ಬೀಳುವ ದಿನ ಗೆದ್ದಲನ್ನು ನೋಡಿ ಪ್ರಯೋಜನವೂ ಇಲ್ಲ. ಆದಕಾರಣ ಪ್ರತಿಗಳ ಕೊರತೆಯನ್ನು ಕಂಡ ಕೂಡಲೆ ಸರಿಪಡಿಸುವುದು ಕಾವಲಿನ ಮೊದಲ ಪಾಠವಾಗಿದೆ.

ಮೂರನೆಯದು ಹಿಂಬಾಕಿ. ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಸೆಕೆಂಡಿಗೆ 1,000 ಸಂದೇಶಗಳು ಬರುತ್ತಿವೆ, ಓದುವ ತಂತ್ರಾಂಶವು 900ನ್ನು ಮಾತ್ರ ಮುಗಿಸುತ್ತಿದೆ ಎಂದಿಟ್ಟುಕೊಂಡರೆ, ಸೆಕೆಂಡಿಗೆ 100ರಂತೆ ಒಂದು ತಾಸಿನಲ್ಲಿ 3,60,000 ಸಂದೇಶಗಳು ಬಾಕಿ ಉಳಿಯುತ್ತವೆ. ಆಮೇಲೆ ಬರುವ ವೇಗ 500ಕ್ಕೆ ಇಳಿದರೆ ಸೆಕೆಂಡಿಗೆ 400ರಂತೆ ಬಾಕಿ ತೀರಿ, 900 ಸೆಕೆಂಡುಗಳಲ್ಲಿ, ಅಂದರೆ 15 ನಿಮಿಷಗಳಲ್ಲಿ ಎಲ್ಲವೂ ಸಮವಾಗುತ್ತದೆ. ಇಂಥ ಏರಿಳಿತ ರೋಗವಲ್ಲ, ಮಧ್ಯವರ್ತಿಯನ್ನು ಇಟ್ಟದ್ದೇ ಇದಕ್ಕಾಗಿ. ಬಾಕಿ ಇಳಿಯುವ ಸೂಚನೆಯೇ ಇಲ್ಲದೆ ಏರುತ್ತಲೇ ಹೋದರೆ ಮಾತ್ರ ಅದು ರೋಗ.

ಆದ್ದರಿಂದ ಬಾಕಿಯ ಸಂಖ್ಯೆಯನ್ನು ಮಾತ್ರ ನೋಡಿ ತೀರ್ಪು ಕೊಡಲಾಗದು. 10,000 ಸಂದೇಶಗಳ ಬಾಕಿಯು ದಟ್ಟವಾದ ಸಾಲಿನಲ್ಲಿ ಹತ್ತು ಸೆಕೆಂಡಿನ ಕೆಲಸ. ವಿರಳವಾದ ಸಾಲಿನಲ್ಲಿ ಒಂದು ದಿನದ ವಿಳಂಬ. ಲಿಂಕ್ಡ್‌ಇನ್‌ನವರು 2015ರಲ್ಲಿ ಪ್ರಕಟಿಸಿದ ಬರೋ ಎಂಬ ಕಾವಲು ತಂತ್ರಾಂಶವು ಈ ಕಾರಣದಿಂದಲೇ ಒಂದು ನಿಶ್ಚಿತ ಗಡಿಯನ್ನು ಇಟ್ಟುಕೊಳ್ಳದೆ, ಕೆಲವು ಕಾಲದ ಅವಧಿಯಲ್ಲಿ ಓದುವವನ ಗುರುತು ಮುಂದೆ ಸರಿಯುತ್ತಿದೆಯೇ, ನಿಂತಿದೆಯೇ, ಬಾಕಿ ಬೆಳೆಯುತ್ತಿದೆಯೇ ಎಂಬುದನ್ನು ನೋಡಿ ನಿರ್ಣಯಿಸುತ್ತದೆ. ಒಂದೇ ಪರೀಕ್ಷೆಯ ಅಂಕದಿಂದ ವಿದ್ಯಾರ್ಥಿಯನ್ನು ಅಳೆಯದೆ ವರ್ಷವಿಡೀ ಅವನ ಪ್ರಗತಿಯನ್ನು ನೋಡುವ ಶಿಕ್ಷಕರ ವಿವೇಕಕ್ಕೆ ಇದು ಸಮೀಪವಾಗಿದೆ.

ನಾಲ್ಕನೆಯದು ಸ್ಥಳಾವಕಾಶ ಮತ್ತು ಅವಧಿ. ಸರತಿಯ ಸಾಲು ನಡೆಸುವ ರ್ಯಾಬಿಟ್‌ಎಂಕ್ಯೂ ತನ್ನ ಸ್ಮೃತಿಯ ನಿಗದಿತ ಮಿತಿ ಮೀರಿದಾಗ ಕಳುಹಿಸುವವರನ್ನೇ ತಡೆದು ನಿಲ್ಲಿಸುತ್ತದೆ. ಕಾಫ್ಕಾದ ರೀತಿ ಬೇರೆ. ವಿಶೇಷವಾಗಿ ಬದಲಿಸದ ಹೊರತು ಅದು ಸಂದೇಶಗಳನ್ನು 7 ದಿನ ಇಟ್ಟುಕೊಂಡು, ಆಮೇಲೆ ಓದಿದರೋ ಇಲ್ಲವೋ ಎಂದು ವಿಚಾರಿಸದೆ ಅಳಿಸಿಬಿಡುತ್ತದೆ. ಓದುವ ತಂತ್ರಾಂಶವೊಂದು ಸದ್ದಿಲ್ಲದೆ ನಿಂತು, ಅದನ್ನು ಎಂಟು ದಿನ ಯಾರೂ ಗಮನಿಸದಿದ್ದರೆ, ಮೊದಲ ದಿನದ ಸಂದೇಶಗಳು ಶಾಶ್ವತವಾಗಿ ಹೋದಂತೆ. ಅಲ್ಲಿ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ನೋಡಬೇಕಾದವರು ನೋಡಿರುವುದಿಲ್ಲ, ಅಷ್ಟೆ.

ಐದನೆಯದು ತಿರಸ್ಕೃತ ಸಂದೇಶಗಳು. ವಿಳಾಸ ತಿಳಿಯದ ಕಾಗದಗಳನ್ನು ಟಪಾಲು ಇಲಾಖೆಯು ಹಿಂದೆ ಡೆಡ್ ಲೆಟರ್ ಆಫೀಸು ಎಂಬ ಕಚೇರಿಗೆ ಕಳುಹಿಸುತ್ತಿತ್ತು. ಗಣಕಲೋಕವು ಅದೇ ಹೆಸರನ್ನು ಎರವಲು ಪಡೆದಿದೆ. ಪದೇ ಪದೇ ಯತ್ನಿಸಿದರೂ ಅರ್ಥವಾಗದ ಸಂದೇಶವನ್ನು ಡೆಡ್ ಲೆಟರ್ ಸಾಲಿಗೆ ಸರಿಸಿ ಉಳಿದವುಗಳ ದಾರಿಯನ್ನು ತೆರವು ಮಾಡುತ್ತಾರೆ. ಇದು ಒಳ್ಳೆಯ ಉಪಾಯವೇ. ಆದರೆ ಆ ಸಾಲನ್ನು ದಿನವೂ ತೆರೆದು ನೋಡುವ ಹೊಣೆ ಯಾರದೆಂದು ನಿಗದಿಯಾಗದಿದ್ದರೆ ಅದು ಅಟ್ಟಕ್ಕೆ ಎಸೆದ ಕಾಗದದ ಕಟ್ಟಾಗುತ್ತದೆ.

ಹಲವು ಸಮೂಹಗಳು, ಒಂದು ನೋಟ

ಒಂದು ಸಮೂಹವನ್ನು ಕಾಯುವುದಕ್ಕೂ ಹಲವನ್ನು ಒಟ್ಟಿಗೆ ಕಾಯುವುದಕ್ಕೂ ಗುಣದಲ್ಲಿಯೇ ವ್ಯತ್ಯಾಸವಿದೆ. ಪ್ರತಿಯೊಂದು ಯಂತ್ರದಿಂದಲೂ ಕೆಲವು ಸೆಕೆಂಡುಗಳಿಗೊಮ್ಮೆ ಅಂಕಿಗಳನ್ನು ಕೂಡಿಸಿ, ಒಂದೆಡೆ ಇಟ್ಟು, ರೇಖಾಚಿತ್ರಗಳಾಗಿ ತೋರಿಸುವ ತಂತ್ರಾಂಶಗಳಿವೆ. 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಸ್ಥೆಯಲ್ಲಿ ಆರಂಭವಾದ ಪ್ರೊಮಿಥಿಯಸ್ ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಸಾಧನವಿದ್ದ ಮಾತ್ರಕ್ಕೆ ಕಾವಲು ಆಗಲಿಲ್ಲ. ನಾಲ್ಕು ಎಚ್ಚರಿಕೆಗಳು ಅಗತ್ಯ.

ಒಂದು, ಹೆಸರುಗಳ ಶಿಸ್ತು. ಎರಡು ನಗರಗಳ ಸಮೂಹಗಳಲ್ಲಿ ಒಂದೇ ಹೆಸರಿನ ಸಾಲುಗಳಿದ್ದು, ಅಂಕಿಯೊಡನೆ ಸಮೂಹದ ಹೆಸರು ಸೇರಿರದಿದ್ದರೆ ಬೆಂಗಳೂರಿನ ತೊಂದರೆಗೆ ಮಾನೇಸರಿನಲ್ಲಿ ಔಷಧ ಹಾಕಿದಂತಾಗುತ್ತದೆ.

ಎರಡು, ಸರಾಸರಿಯ ಮೋಸ. ಹತ್ತು ಸಮೂಹಗಳಲ್ಲಿ ಒಂಬತ್ತರ ವಿಳಂಬ ಒಂದು ಸೆಕೆಂಡು, ಹತ್ತನೆಯದರದು ಹತ್ತು ನಿಮಿಷವೆಂದರೆ, ಸರಾಸರಿಯು ಸುಮಾರು ಒಂದು ನಿಮಿಷ ಎನ್ನುತ್ತದೆ. ಆ ಒಂದು ನಿಮಿಷದ ವಿಳಂಬವು ಯಾರ ಅನುಭವವೂ ಅಲ್ಲ. ಒಂಬತ್ತರ ಸುಖವೂ ಒಂದರ ಸಂಕಟವೂ ಅದರಲ್ಲಿ ಮುಚ್ಚಿಹೋಗುತ್ತವೆ. ಆದ್ದರಿಂದ ಎಲ್ಲಕ್ಕಿಂತ ಹಿಂದುಳಿದುದನ್ನು ಪ್ರತ್ಯೇಕವಾಗಿ ನೋಡಬೇಕು.

ಮೂರು, ಮೌನದ ಅರ್ಥ. ಕಾವಲಿನವರಿಗೆ ಒಂದು ಸಮೂಹದಿಂದ ಯಾವ ದೂರೂ ಬಾರದಿದ್ದರೆ ಅದು ಕ್ಷೇಮವಾಗಿದೆ ಎಂದಾದರೂ ಆಗಬಹುದು, ದೂರು ಹೇಳುವ ಶಕ್ತಿಯನ್ನೇ ಕಳೆದುಕೊಂಡಿದೆ ಎಂದಾದರೂ ಆಗಬಹುದು. ಇದನ್ನು ಶಾಲೆಯ ಹಾಜರಿ ಪುಸ್ತಕದಿಂದ ತಿಳಿಯುವುದು ಸುಲಭ. ಬಾರದ ಹುಡುಗನು ತಾನು ಬಂದಿಲ್ಲವೆಂದು ಎದ್ದುನಿಂತು ಹೇಳುವುದಿಲ್ಲ. ಪುಸ್ತಕದಲ್ಲಿ ಅವನ ಹೆಸರಿದೆ, ಗುರುಗಳು ಕೂಗುತ್ತಾರೆ, ಉತ್ತರ ಬರುವುದಿಲ್ಲ. ಆದ್ದರಿಂದಲೇ ಗೈರುಹಾಜರಿ ತಿಳಿಯುತ್ತದೆ. ಹೆಸರೇ ಇಲ್ಲದ ಪುಸ್ತಕದಲ್ಲಿ ಗೈರುಹಾಜರಿಯೂ ಇಲ್ಲ. ಹಾಗೆಯೇ ಇರಬೇಕಾದ ಸಮೂಹಗಳು, ಯಂತ್ರಗಳು, ಓದುವ ತಂತ್ರಾಂಶಗಳು ಇವೆಲ್ಲವುಗಳ ಪಟ್ಟಿಯು ಬೇರೆಯಾಗಿ ಇದ್ದು, ಒಂದೊಂದನ್ನೂ ಹೆಸರು ಹಿಡಿದು ಕೂಗಬೇಕು. ಉತ್ತರ ಬಾರದಿರುವುದನ್ನೇ ದೂರೆಂದು ಎಣಿಸಬೇಕು.

ನಾಲ್ಕು, ಲೆಕ್ಕದ ತಾಳೆ. ಟಪಾಲು ಕಚೇರಿಯಿಂದ ಹೊರಟ ಚೀಲದೊಡನೆ ಒಂದು ಪಟ್ಟಿಯೂ ಹೋಗುತ್ತದೆ; ಪಡೆದವರು ಎಣಿಸಿ ತಾಳೆ ನೋಡುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಇದೇ ತತ್ತ್ವವನ್ನು ಅಳವಡಿಸಲಾಯಿತು. ಕಳುಹಿಸುವ ತಂತ್ರಾಂಶ, ಮೊದಲ ಸಮೂಹ, ನಕಲಿನ ಸಮೂಹ, ಓದುವ ತಂತ್ರಾಂಶ ಇವು ಪ್ರತಿಯೊಂದೂ ಹತ್ತು ಹತ್ತು ನಿಮಿಷಗಳ ಅವಧಿಗೆ ತಾನು ಕಂಡ ಸಂದೇಶಗಳ ಎಣಿಕೆಯನ್ನು ವರದಿ ಮಾಡುತ್ತವೆ. ನಾಲ್ಕೂ ಎಣಿಕೆ ಸಮವಾದರೆ ಆ ಹತ್ತು ನಿಮಿಷಗಳ ಲೆಕ್ಕ ಮುಗಿಯಿತು. ಎಣಿಕೆ ಕಡಿಮೆಯಾದರೆ ನಷ್ಟ, ಹೆಚ್ಚಾದರೆ ಪುನರಾವರ್ತನೆ. ಪುನರಾವರ್ತನೆಯೂ ಅಲ್ಪ ದೋಷವಲ್ಲ. ಹಣ ಜಮೆ ಮಾಡುವ ಒಂದೇ ಸಂದೇಶವನ್ನು ಎರಡು ಸಲ ಪಾಲಿಸಿದರೆ ಆಗುವ ಗೊಂದಲವನ್ನು ಊಹಿಸಬಹುದು. ಆದಕಾರಣ ಪ್ರತಿಯೊಂದು ಸಂದೇಶಕ್ಕೂ ಗುರುತಿನ ಸಂಖ್ಯೆಯಿದ್ದು, ಎರಡನೆಯ ಸಲ ಬಂದುದನ್ನು ಓದುವ ತಂತ್ರಾಂಶವೇ ಬಿಟ್ಟುಬಿಡುವಂತಿರಬೇಕು.

ಇವೆಲ್ಲದರ ಮೇಲೆ ಪರೀಕ್ಷಾರ್ಥ ಸಂದೇಶವೆಂಬ ಉಪಾಯವೂ ಇದೆ. ಟಪಾಲು ಇಲಾಖೆಯ ಅಧಿಕಾರಿಗಳು ತಾವೇ ಪರೀಕ್ಷೆಯ ಕಾಗದಗಳನ್ನು ಅಂಚೆಗೆ ಹಾಕಿ, ಅವು ಎಷ್ಟು ದಿನಕ್ಕೆ ತಲುಪುತ್ತವೆಂದು ನೋಡುವ ಪದ್ಧತಿಯುಂಟು. ಹಾಗೆಯೇ ಕಾವಲು ತಂತ್ರಾಂಶವು ಸತತವಾಗಿ ಸಣ್ಣ ಸಂದೇಶಗಳನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಲ್ಲಿ ಹಿಡಿಯುತ್ತದೆ. ಬಳಸುವವರಿಗೆ ಆಗುವ ಅನುಭವವನ್ನು ತಿಳಿಯಲು ಇದಕ್ಕಿಂತ ನೇರವಾದ ಮಾರ್ಗವಿಲ್ಲ.

ಕಾವಲುಗಾರನ ಕಾವಲು

ಇಷ್ಟೆಲ್ಲ ಏರ್ಪಾಡು ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಕಾವಲುಗಾರನನ್ನು ಕಾಯುವವರು ಯಾರು? ಇದು ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲವೆಂದು 2020ರ ನವೆಂಬರ್ 25ರ ಘಟನೆ ತೋರಿಸಿಕೊಟ್ಟಿತು. ಅಮೆಜಾನ್ ಸಂಸ್ಥೆಯು ತನ್ನ ಯಂತ್ರಗಳನ್ನು ಜಗತ್ತಿನ ಅನೇಕ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತದೆ. ಅಮೆರಿಕೆಯ ವರ್ಜೀನಿಯದಲ್ಲಿರುವ ಅದರ ಕೇಂದ್ರದಲ್ಲಿ ಕೈನೆಸಿಸ್ ಎಂಬ ಸಂದೇಶ ಪ್ರವಾಹದ ಸೇವೆಗೆ ಅಂದು ಕೆಲವು ಹೊಸ ಯಂತ್ರಗಳನ್ನು ಸೇರಿಸಲಾಯಿತು. ಆ ಸೇವೆಯ ಮುಂಭಾಗದ ಪ್ರತಿಯೊಂದು ಯಂತ್ರವೂ ಉಳಿದೆಲ್ಲ ಯಂತ್ರಗಳೊಡನೆ ಒಂದೊಂದು ಎಳೆಯ ಸಂಪರ್ಕ ಇಟ್ಟುಕೊಳ್ಳುವ ರಚನೆ ಇತ್ತು. ಯಂತ್ರಗಳು ಹೆಚ್ಚಿದಂತೆ ಎಳೆಗಳೂ ಹೆಚ್ಚಿ, ಅವುಗಳ ಸಂಖ್ಯೆ ನಿಗದಿತ ಮಿತಿಯನ್ನು ದಾಟಿತು, ಸೇವೆ ಕುಸಿಯಿತು.

ಆ ಮೇಲಿನ ಸಂಗತಿಯೇ ಹೆಚ್ಚು ಬೋಧಪ್ರದವಾದುದು. ಉಳಿದ ಸೇವೆಗಳ ಆರೋಗ್ಯವನ್ನು ನೋಡಿ ಹೇಳುವ ಕ್ಲೌಡ್‌ವಾಚ್ ಎಂಬ ಕಾವಲು ಸೇವೆಯೂ ತನ್ನ ಅಂಕಿಗಳನ್ನು ಇದೇ ಕೈನೆಸಿಸ್ ಮೂಲಕ ಸಾಗಿಸುತ್ತಿತ್ತು. ಕಾಯಬೇಕಾದ ಯಂತ್ರ ಬಿದ್ದಾಗ ಕಾವಲಿನ ಕಣ್ಣೂ ಮಂಜಾಯಿತು. ಗ್ರಾಹಕರಿಗೆ ಸ್ಥಿತಿಗತಿ ತಿಳಿಸುವ ಫಲಕವನ್ನು ತಿದ್ದುವ ಸಾಧನವು ಇನ್ನೊಂದು ಸೇವೆಯನ್ನು ಆಶ್ರಯಿಸಿತ್ತು, ಆ ಸೇವೆ ಕೈನೆಸಿಸ್‌ನ ಆಶ್ರಯದಲ್ಲಿತ್ತು. ಹೀಗಾಗಿ ಆರಂಭದಲ್ಲಿ ಸುದ್ದಿ ತಿಳಿಸುವುದಕ್ಕೂ ತೊಡಕಾಯಿತು. ಪೂರ್ಣ ಚೇತರಿಕೆಗೆ ಅಂದಿನ ರಾತ್ರಿಯವರೆಗೆ ಸಮಯ ಹಿಡಿಯಿತು.

ಇದರಿಂದ ಹೊರಡುವ ನಿಯಮ ಸ್ಪಷ್ಟವಾಗಿದೆ. ಕಾವಲು ವ್ಯವಸ್ಥೆಯು ತಾನು ಕಾಯುವ ಯಂತ್ರಗಳ ಆಶ್ರಯದಲ್ಲಿ ಇರಬಾರದು. ಕಣಜದ ಬೀಗದ ಕೈಯನ್ನು ಕಣಜದೊಳಗೇ ಇಡುವಂತಿಲ್ಲ. ಹಲವು ಸಮೂಹಗಳಿದ್ದಲ್ಲಿ ಒಂದನ್ನು ಇನ್ನೊಂದು ಊರಿನಿಂದ ನೋಡುವ ಏರ್ಪಾಡು ಮಾಡಬೇಕು. ಅಷ್ಟೇ ಅಲ್ಲದೆ ಕಾವಲು ವ್ಯವಸ್ಥೆಯು “ಎಚ್ಚರವಾಗಿದ್ದೇನೆ” ಎಂಬ ಸಂಕೇತವನ್ನು ನಿಯತವಾಗಿ ಹೊರಗೆ ಕಳುಹಿಸುತ್ತಿರಬೇಕು. ಅದು ನಿಂತೊಡನೆ ಬೇರೊಂದೆಡೆ ಗಂಟೆ ಬಾರಿಸಬೇಕು. ಹಿಂದೆ ಹಳ್ಳಿಗಳಲ್ಲಿ ರಾತ್ರಿಯ ಗಸ್ತು ತಿರುಗುವ ತಳವಾರನ ಕೂ­ಗು ಕೇಳುತ್ತಿರುವವರೆಗೆ ಜನ ನಿಶ್ಚಿಂತರಾಗಿ ಮಲಗುತ್ತಿದ್ದರು. ಕೂಗು ಕೇಳಿಸದಾದಾಗಲೇ ಎದ್ದು ಕೂಡುತ್ತಿದ್ದರು.

ಕಾಯುವ ಮನುಷ್ಯ

ಯಂತ್ರಗಳು ಎಷ್ಟೇ ಇದ್ದರೂ ಕೊನೆಯ ಗಂಟೆ ಬಾರಿಸುವುದು ಮನುಷ್ಯನ ಕಿವಿಯಲ್ಲಿಯೇ. ಬೆಂಗಳೂರು, ಹೈದರಾಬಾದ್, ಪುಣೆಗಳ ಕಚೇರಿಗಳಲ್ಲಿ ಸರದಿಯಂತೆ ರಾತ್ರಿ ಎಚ್ಚರವಿದ್ದು ಈ ಕಾವಲನ್ನು ನಡೆಸುವ ತರುಣ ತರುಣಿಯರಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಶಾಲೆಗಳಲ್ಲಿ ಓದಿದವರೂ ಇದ್ದಾರೆ. ಅವರ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಚೆನ್ನಾಗಿ ಮಾಡಿದಷ್ಟೂ ಕಾಣುವುದು ಕಡಿಮೆ.

ಅವರನ್ನು ಕಾಡುವ ಮುಖ್ಯ ತೊಂದರೆ ಗಂಟೆಗಳ ಅತಿರೇಕ. ಒಂದು ಜಾಲ ತುಂಡಾದರೆ ಹತ್ತು ಸಮೂಹಗಳಿಂದ ನೂರಾರು ದೂರುಗಳು ಒಮ್ಮೆಲೇ ಬರುತ್ತವೆ. ಮೂಲಕಾರಣವು ಆ ಗದ್ದಲದಲ್ಲಿ ಮುಳುಗುತ್ತದೆ. ಕ್ಷುಲ್ಲಕ ಕಾರಣಗಳಿಗೆ ರಾತ್ರಿಯೆಲ್ಲ ಗಂಟೆ ಬಾರಿಸಿದರೆ, ನಿಜವಾದ ಆಪತ್ತಿನ ಗಂಟೆಗೂ ಕಿವಿ ಮಂದವಾಗುತ್ತದೆ. “ತೋಳ ಬಂತು ತೋಳ” ಎಂದು ಕೂಗಿದ ಕುರುಬರ ಹುಡುಗನ ಕಥೆ ಮೂರನೆಯ ಇಯತ್ತೆಯ ಮಕ್ಕಳಿಗೂ ಗೊತ್ತು. ಆದ್ದರಿಂದ ಮನುಷ್ಯನು ಕೂಡಲೆ ಏನಾದರೂ ಮಾಡಬೇಕಾದ ಸಂದರ್ಭಕ್ಕೆ ಮಾತ್ರ ರಾತ್ರಿಯ ಗಂಟೆ. ಉಳಿದುದೆಲ್ಲ ಬೆಳಗಿನ ವರದಿಗೆ. ಒಂದೇ ಮೂಲದ ನೂರು ದೂರುಗಳನ್ನು ಒಂದು ದೂರಾಗಿ ಕೂಡಿಸಬೇಕು. ಪ್ರತಿಯೊಂದು ಗಂಟೆಗೂ ಏನು ಮಾಡಬೇಕೆಂಬ ಬರೆದಿಟ್ಟ ಕ್ರಮವಿರಬೇಕು. ನಿದ್ದೆಗಣ್ಣಿನಲ್ಲಿ ಓದಿದರೂ ತಿಳಿಯುವಂತೆ ಅದು ಸರಳವಾಗಿರಬೇಕು. ಅನಾಹುತ ಕಳೆದ ಮೇಲೆ ತಪ್ಪಿತಸ್ಥನನ್ನು ಹುಡುಕುವುದರಲ್ಲಿ ಕಾಲ ಕಳೆಯದೆ, ಅದು ಮೊದಲೇ ಏಕೆ ಕಾಣಲಿಲ್ಲವೆಂದು ವಿಚಾರಿಸಿ ಬರೆದಿಡುವ ಸಂಪ್ರದಾಯವೂ ಉತ್ತಮ ಸಂಸ್ಥೆಗಳಲ್ಲಿ ಬೆಳೆದಿದೆ.

ಉಪಸಂಹಾರ

ಒಟ್ಟಿನಲ್ಲಿ, ಸಂದೇಶ ಮಧ್ಯವರ್ತಿಗಳ ಮೇಲ್ವಿಚಾರಣೆಯೆಂಬುದು ಹೊಸ ಯಂತ್ರಗಳ ಮೇಲೆ ನಡೆಯುವ ಹಳೆಯ ಶಿಸ್ತು. ಇರಬೇಕಾದವರ ಪಟ್ಟಿ ಇಟ್ಟುಕೊಳ್ಳುವುದು, ಹೆಸರು ಹಿಡಿದು ಕೂಗುವುದು, ಕೊಟ್ಟ ಲೆಕ್ಕವನ್ನೂ ಪಡೆದ ಲೆಕ್ಕವನ್ನೂ ಆಯಾ ದಿನವೇ ತಾಳೆ ಮಾಡುವುದು, ಬಾಕಿಯನ್ನು ಬೆಳೆಯಗೊಡದಿರುವುದು, ಮೌನವನ್ನು ಕ್ಷೇಮವೆಂದು ಭಾವಿಸದಿರುವುದು ಇವೇ ಅದರ ಸಾರ. ಇವುಗಳಲ್ಲಿ ಯಾವುದನ್ನು ಕಲಿಯುವುದಕ್ಕೂ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಹಾಜರಿ ಪುಸ್ತಕವನ್ನು ಪ್ರಾಮಾಣಿಕವಾಗಿ ಬರೆಯುವ ಶಾಲೆಯಲ್ಲಿ, ದೇಣಿಗೆಯ ರಸೀತಿಗೆ ಕ್ರಮಾಂಕ ಹಾಕಿ ಲೆಕ್ಕ ಒಪ್ಪಿಸುವ ಸಂಸ್ಥೆಯಲ್ಲಿ ಓದಿದ ಮಕ್ಕಳು ಅದರ ಮೊದಲ ಪಾಠವನ್ನು ಆಗಲೇ ಕಣ್ಣಾರೆ ಕಂಡಿರುತ್ತಾರೆ.

ಗಣಕ ಶಿಕ್ಷಣವೆಂದರೆ ಗುಂಡಿ ಒತ್ತುವ ಕೌಶಲವೆಂಬ ಭಾವನೆ ಇನ್ನೂ ಅಲ್ಲಲ್ಲಿ ಇದೆ. ಅಂಕಗಣಿತದ ಅಭ್ಯಾಸ, ನಡೆದುದನ್ನು ನಡೆದಂತೆ ಬರೆಯುವ ಭಾಷೆ, ವಹಿಸಿಕೊಂಡ ಕೆಲಸದ ಬಗೆಗೆ ಎಚ್ಚರ ಇವು ಮೂರೂ ಕೂಡಿದಾಗಲೇ ಆ ಶಿಕ್ಷಣವು ಪೂರ್ಣವೆನಿಸುತ್ತದೆ. ಯಂತ್ರಗಳು ಹತ್ತು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಇಂದಿನ ತಂತ್ರಾಂಶಗಳ ಹೆಸರುಗಳನ್ನು ನಾಳಿನವರು ಮರೆಯಬಹುದು. ಆದರೆ ದೂರದ ಹಳ್ಳಿಯೊಂದರಿಂದ ಹೊರಟ ಒಂದು ಸಂದೇಶದ ಹಿಂದೆ ಉತ್ತರಕ್ಕಾಗಿ ಕಾಯುವ ಒಬ್ಬ ಮನುಷ್ಯನಿದ್ದಾನೆ ಎಂಬ ಅರಿವು ಹಳೆಯದಾಗುವುದಿಲ್ಲ. ಆ ಅರಿವಿನೊಡನೆ ಕಾವಲು ಕಾಯುವ ವಿದ್ಯಾವಂತರು ಈ ನೆಲದ ಶಾಲೆಗಳಿಂದ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಹೊರಬರಲೆಂದು ಹಾರೈಸುವುದು ಉಚಿತವಾಗಿದೆ.